ಉದ್ದ ನೋಡಿ ಮೀನಿನ ಪ್ರಾಯ ಹೇಳಬಹುದೇ? (ಕಾಳಾಂಜಿ, ಚೆಂಬಲ್ಲಿ, ಪೆರುವೊಳು)

ಶಿರಿಯ ಅಳಿವೆ ಕೇಳಿದ್ದು:

ಗಾಳ ಹಾಕುವವರೂ ಪಂಜರದಲ್ಲಿ ಮೀನು ಸಾಕುವವರೂ ಮೀನುಗಾರಿಕೆ ಓದಿದವರೂ ಇಲ್ಲಿ ಇದ್ದೀರಿ, ಹಾಗಾಗಿ ಕೇಳುತ್ತಿದ್ದೇನೆ. ಶಿರಿಯ ಹೊಳೆ ಕಡಲು ಸೇರುವಲ್ಲಿ ಗಾಳಕ್ಕೆ ಸಿಕ್ಕಿದ ಎರಡು ಮೀನುಗಳ ಅಳತೆ ಕೊಡುತ್ತೇನೆ. ಒಂದು ಕಾಳಾಂಜಿ: ಮೂತಿಯಿಂದ ಬಾಲದ ತುದಿಯವರೆಗೆ 80 ಸೆಂ.ಮೀ., ತೂಕ 6.4 ಕಿಲೋ. ಇನ್ನೊಂದು ಚೆಂಬಲ್ಲಿ, ಮಂಗಳೂರಿನವರು ಕೆಂಬೇರಿ ಅನ್ನುತ್ತಾರಲ್ಲ ಅದು: 51 ಸೆಂ.ಮೀ., 2.1 ಕಿಲೋ.

ಕಾಳಾಂಜಿಯ ತೂಕ ಮೂರು ಪಟ್ಟು. ಹಾಗಾದರೆ ಪ್ರಾಯವೂ ಹೆಚ್ಚೇ? "ಕಿಲೋಗೆ ಒಂದು ವರ್ಷ" ಅಂತ ಒಂದು ಲೆಕ್ಕ ಎಲ್ಲರ ಬಾಯಲ್ಲೂ ಇದೆ, ಅದಕ್ಕೆ ಆಧಾರ ಇದೆಯಾ? ಮೀನು ಒಂದು ಹಂತಕ್ಕೆ ಬಂದಮೇಲೆ ಬೆಳೆಯುವುದು ನಿಲ್ಲುತ್ತದಾ? ಪ್ರಾಯ ಸರಿಯಾಗಿ ತಿಳಿಯಬೇಕಾದರೆ ಮೀನನ್ನು ಕೊಯ್ಯಲೇಬೇಕಾ, ಅಲ್ಲ ಬಿಟ್ಟುಬಿಡುವ ಮೀನಿನಲ್ಲೂ ನೋಡಲು ದಾರಿ ಇದೆಯಾ? ಯಾವ ಗಾತ್ರದ್ದನ್ನು ವಾಪಸ್ ಬಿಡಬೇಕು ಅಂತ ನಮ್ಮ ಕಡೆಯ ಗಾಳದವರ ನಡುವೆ ಒಂದು ಮಾತು ಮಾಡಿಕೊಳ್ಳುವ ಆಲೋಚನೆ ಇದೆ, ಅದಕ್ಕೆ ಇದು ಬೇಕು.

---

ಉಪ್ಪಳ ಮಾಷ್ಟ್ರು:

ಮೊದಲು ನಿಮ್ಮ ಎರಡು ಮೀನಿನ ವಿಷಯ. 2.1 ಕಿಲೋದ ಆ ಚೆಂಬಲ್ಲಿ 6.4 ಕಿಲೋದ ಕಾಳಾಂಜಿಗಿಂತ ಹಿರಿಯದಾಗಿರುವ ಸಾಧ್ಯತೆಯೇ ಹೆಚ್ಚು. ಕಾಳಾಂಜಿ ಮೊದಲ ನಾಲ್ಕೈದು ವರ್ಷ ದಡದಡ ಬೆಳೆಯುವ ಮೀನು, 80 ಸೆಂ.ಮೀ.ಗೆ ಸಾಮಾನ್ಯವಾಗಿ 4ರಿಂದ 6 ವರ್ಷ. ಚೆಂಬಲ್ಲಿ ನಿಧಾನದ ಜಾತಿ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ನೋಡಿದ ಪ್ರಕಾರ ಹೆಣ್ಣು ಚೆಂಬಲ್ಲಿ ಮೊಟ್ಟೆಗೆ ಬರುವುದೇ 50 ಸೆಂ.ಮೀ. ದಾಟಿದ ಮೇಲೆ, ಮತ್ತು ಅದು 30 ವರ್ಷ ಮೀರಿ ಬದುಕುತ್ತದೆ. ಮರಿಯಾಗಿದ್ದಾಗ ಹೊಳೆಬಾಯಿ, ಕಾಂಡ್ಲದ ಬೇರು, ಸೇತುವೆಯ ಕಂಬ. ದೊಡ್ಡದಾದ ಮೇಲೆ ಹೊರಗಿನ ಕಡಲಿನ ಬಂಡೆ. ಹೊಳೆಬಾಯಲ್ಲಿ 51 ಸೆಂ.ಮೀ.ನದ್ದು ಸಿಕ್ಕಿತು ಅಂದರೆ ಕಡಲಿಗೆ ಹೊರಡುವ ಹೊತ್ತಿನ ಮೀನು ಅದು.

"ಕಿಲೋಗೆ ವರ್ಷ" ಲೆಕ್ಕ ಯಾವ ಜಾತಿಗೂ ಸರಿಹೋಗುವುದಿಲ್ಲ. ಕಾರಣ ಸರಳ. ಉದ್ದ ಎರಡು ಪಟ್ಟಾದರೆ ತೂಕ ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ, ಯಾಕೆಂದರೆ ಅಗಲ ಮತ್ತು ದಪ್ಪ ಕೂಡ ಒಟ್ಟಿಗೆ ಎರಡು ಪಟ್ಟಾಗುತ್ತವೆ. ಹಾಗಾಗಿ ತೂಕ ವರ್ಷದಿಂದ ವರ್ಷಕ್ಕೆ ಸಮನಾಗಿ ಏರುವುದೇ ಇಲ್ಲ.

ಬೆಳವಣಿಗೆಯ ಲೆಕ್ಕಕ್ಕೆ ಮೀನುಗಾರಿಕೆಯವರು ಹೆಚ್ಚಾಗಿ ಬಳಸುವುದು ಫಾನ್ ಬೆರ್ಟಲಾನ್ಫಿ 1938ರಲ್ಲಿ ಕೊಟ್ಟ ಸಮೀಕರಣ. ಅದರಲ್ಲಿ ಎರಡು ಸಂಖ್ಯೆ ಮುಖ್ಯ: ಆ ಜಾತಿ ಸರಾಸರಿ ಮುಟ್ಟಬಲ್ಲ ಗರಿಷ್ಠ ಉದ್ದ, ಮತ್ತು ಆ ಉದ್ದದ ಹತ್ತಿರಕ್ಕೆ ಎಷ್ಟು ಬೇಗ ಬರುತ್ತದೆ ಅನ್ನುವ ವೇಗ. ಉದಾಹರಣೆಗೆ ಅಂತ ಗರಿಷ್ಠ ಉದ್ದ 120 ಸೆಂ.ಮೀ., ವೇಗ 0.25 ಹಿಡಿಯೋಣ. ಇದು ಇಂಥದೇ ಮೀನು ಅಂತಲ್ಲ, ಗೆರೆಯ ಆಕಾರ ಕಾಣಲಿ ಅಂತ. ಆಗ 1 ವರ್ಷಕ್ಕೆ 26.5 ಸೆಂ.ಮೀ., 2ಕ್ಕೆ 47, 3ಕ್ಕೆ 63, 4ಕ್ಕೆ 76, 5ಕ್ಕೆ 86, 10ಕ್ಕೆ 110, 15ಕ್ಕೆ 117. ಮೊದಲ ಒಂದು ವರ್ಷದಲ್ಲಿ 26 ಸೆಂ.ಮೀ. ಬೆಳೆದ ಮೀನು 10ರಿಂದ 15ರವರೆಗಿನ ಐದು ವರ್ಷದಲ್ಲಿ ಬರೇ 7 ಸೆಂ.ಮೀ. ಬೆಳೆಯುತ್ತದೆ. ನಿಲ್ಲುವುದಿಲ್ಲ, ಆದರೆ ಟೇಪಿನಲ್ಲಿ ಹಿಡಿಯಲು ಆಗದಷ್ಟು ನಿಧಾನ.

ಈಗ ಇದನ್ನೇ ತಿರುಗಿಸಿ ನೋಡಿ. 47 ಸೆಂ.ಮೀ.ನ ಮೀನು ಕಂಡರೆ "ಎರಡು ವರ್ಷದ್ದು" ಅಂತ ಧೈರ್ಯದಿಂದ ಹೇಳಬಹುದು, ತಪ್ಪಿದರೂ ಆರು ತಿಂಗಳು ಆಚೀಚೆ. 112 ಸೆಂ.ಮೀ.ನದ್ದು ಕಂಡರೆ? 9 ಆಗಿರಬಹುದು, 18 ಆಗಿರಬಹುದು. ಒಂದೊಂದು ಮೀನಿನ ಹುಟ್ಟುಗುಣದ ವ್ಯತ್ಯಾಸವೇ ಐದಾರು ಸೆಂ.ಮೀ. ಇರುತ್ತದೆ, ಅಷ್ಟರೊಳಗೆ ಹತ್ತು ವರ್ಷ ಅಡಗಿ ಹೋಗುತ್ತದೆ. ಉದ್ದದಿಂದ ಪ್ರಾಯ ಹೇಳುವುದು ಸಣ್ಣ ಮೀನಿಗೆ ಸರಿ, ದೊಡ್ಡದಕ್ಕೆ ಬರೇ ಊಹೆ.

ತೂಕದ ಗೆರೆ ಬೇರೆ ರೀತಿ. ವರ್ಷಕ್ಕೆ ಅತಿ ಹೆಚ್ಚು ತೂಕ ಕೂಡುವುದು ಮರಿಯಲ್ಲಿ ಅಲ್ಲ, ಗರಿಷ್ಠ ಉದ್ದದ ಮೂರರಲ್ಲಿ ಎರಡು ಪಾಲು ಮುಟ್ಟಿದಾಗ. ಮೇಲಿನ ಉದಾಹರಣೆಯಲ್ಲಿ 80 ಸೆಂ.ಮೀ., ಪ್ರಾಯ ಸುಮಾರು 4.4 ವರ್ಷ. ಆ ಹೊತ್ತಿನ ಮೀನನ್ನು ಒಂದು ವರ್ಷ ಮೊದಲೇ ತೆಗೆದರೆ ಕಿಲೋಗಟ್ಟಲೆ ನಷ್ಟ.

ವೇಗ ಕಡಿಮೆಯಾಗುವುದಕ್ಕೆ ಮುಖ್ಯ ಕಾರಣ ಸಂತಾನ. ಬಲಿಯುವವರೆಗೆ ತಿಂದದ್ದೆಲ್ಲ ಮೈಗೆ. ಬಲಿತ ಮೇಲೆ ಅದರಲ್ಲಿ ದೊಡ್ಡ ಪಾಲು ಮೊಟ್ಟೆಗೆ, ಹಾಲಿಗೆ (ಗಂಡುಮೀನಿನ ವೀರ್ಯ), ಮೊಟ್ಟೆ ಇಡುವ ಜಾಗಕ್ಕೆ ಹೋಗಿ ಬರುವುದಕ್ಕೆ.

---

ಮೊಗ್ರಾಲ್ ಪಂಜರ:

ಒಂದೇ ಪ್ರಾಯದ ಮೀನುಗಳ ಗಾತ್ರದ ವ್ಯತ್ಯಾಸ ಎಷ್ಟು ದೊಡ್ಡದು ಅಂತ ನೋಡಬೇಕಾದರೆ ಕಾಳಾಂಜಿ ಮರಿಗಳ ನರ್ಸರಿ ಬಲೆಗಿಂತ ಒಳ್ಳೆಯ ಜಾಗ ಇಲ್ಲ. ಒಂದೇ ತಾಯಿ, ಒಂದೇ ದಿನ ಒಡೆದ ಮೊಟ್ಟೆ, ಒಂದೇ ನೀರು, ಒಂದೇ ತಿಂಡಿ. 2-3 ಸೆಂ.ಮೀ. ಮರಿ ಬಿಟ್ಟು ಎರಡು ತಿಂಗಳಿಗೆ ಬಲೆ ಎತ್ತಿದರೆ ಕೆಲವು 6 ಸೆಂ.ಮೀ., ಕೆಲವು 15. ಪ್ರಾಯ ಒಂದೇ, ತೂಕದಲ್ಲಿ ಹತ್ತು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ.

ಹೀಗಾಗುವುದಕ್ಕೆ ಕಾರಣ: ಮೊದಲ ವಾರದಲ್ಲಿ ಸ್ವಲ್ಪ ಮುಂದೆ ಹೋದ ಮರಿ ತಿಂಡಿ ಬಿದ್ದ ಜಾಗವನ್ನು ಹಿಡಿದುಕೊಳ್ಳುತ್ತದೆ, ಉಳಿದವನ್ನು ಮೂಲೆಗೆ ದೂಡುತ್ತದೆ. ನಂತರ ತಮ್ಮಂದಿರನ್ನೇ ನುಂಗಲು ಶುರು. ಕಾಳಾಂಜಿ ಮರಿ ತನ್ನ ಉದ್ದದ ಮೂರರಲ್ಲಿ ಎರಡು ಪಾಲಿನಷ್ಟು ಉದ್ದದ ಮರಿಯನ್ನೂ ನುಂಗುತ್ತದೆ. ಬಾಲ ಬಾಯಿಂದ ಹೊರಗೆ ಇದ್ದ ಹಾಗೆಯೇ ಈಜುತ್ತಿರುವುದನ್ನು ನೋಡಬಹುದು. ಅದಕ್ಕೇ ಈ ಹಂತದಲ್ಲಿ 5-7 ದಿನಕ್ಕೊಮ್ಮೆ ಗಾತ್ರ ನೋಡಿ ವಿಂಗಡಿಸುವುದು ಕಡ್ಡಾಯ, 10 ಸೆಂ.ಮೀ. ದಾಟಿದ ಮೇಲೆ ಎರಡು ಮೂರು ವಾರಕ್ಕೊಮ್ಮೆ ಸಾಕು. ವಿಂಗಡಿಸದೆ ಬಿಟ್ಟರೆ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ, ಸತ್ತ ಮರಿ ಒಂದೂ ತೇಲುವುದಿಲ್ಲ, ಎಲ್ಲಿಗೆ ಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಸಣ್ಣವನ್ನು ಬೇರೆ ಬಲೆಗೆ ಹಾಕಿ ಸರಿಯಾಗಿ ತಿಂಡಿ ಕೊಟ್ಟರೆ ಬಹಳಷ್ಟು ಮರಿಗಳು ಬೇಗನೆ ಮೈ ತುಂಬಿಕೊಂಡು ಮುಂದೆ ಹೋದವುಗಳ ಹತ್ತಿರಕ್ಕೆ ಬರುತ್ತವೆ. ಅವು ಕೆಟ್ಟ ತಳಿಯಲ್ಲ, ಹಸಿದದ್ದು ಅಷ್ಟೆ. ಹೊಳೆಯಲ್ಲಿಯೂ ಹೀಗೆಯೇ: ಎರಡು ವರ್ಷ ಕಷ್ಟದ ಕುಳಿಯಲ್ಲಿ ಸಿಕ್ಕಿಕೊಂಡ ಮೀನು ಮೂರನೇ ವರ್ಷ ಸೀಗಡಿ ತುಂಬಿದ ಕಡೆಗೆ ಬಂದರೆ ಒಂದೇ ಸಲ ಬೆಳೆದುಬಿಡುತ್ತದೆ.

ಪಂಜರದಲ್ಲಿ ತಿಂಡಿ ತಪ್ಪದೆ ಸಿಕ್ಕರೆ ಕಾಳಾಂಜಿ ವರ್ಷದೊಳಗೆ ಕಿಲೋ ಮುಟ್ಟುತ್ತದೆ. ಹೊಳೆಯ ಮೀನಿಗೆ ಅದೇ ವೇಗ ಅಂತ ಹಿಡಿಯಬೇಡಿ. ನೀರು 26-32 ಡಿಗ್ರಿ ಇರುವಾಗ ಚೆನ್ನಾಗಿ ತಿನ್ನುತ್ತದೆ. ಜೂನಿನಲ್ಲಿ ಕೆಂಪು ನೀರು ಇಳಿದಾಗ ಉಪ್ಪು ಹೋದದ್ದು ಅದಕ್ಕೆ ದೊಡ್ಡ ವಿಷಯವಲ್ಲ, ಸಿಹಿನೀರಿನಲ್ಲೂ ಬದುಕುವ ಮೀನು. ಕೆಸರಿನಿಂದ ಕಣ್ಣು ಕಾಣದೆ ತಿಂಡಿ ಬಿಡುತ್ತದೆ, ಅಲ್ಲಿ ಬೆಳವಣಿಗೆ ತಡೆಯುತ್ತದೆ.

ಇನ್ನೊಂದು ಮಾತು, ಗಾಳದವರಿಗೆ ಬೇಕಾದದ್ದು. ಪಂಜರದಿಂದ ಮಾರಾಟಕ್ಕೆ ಮೊದಲು ತೆಗೆಯುವುದು ದೊಡ್ಡವನ್ನು. ಕೊನೆಗೆ ಉಳಿದ ಸಣ್ಣ ಮೀನು ಎಳೆಯದಲ್ಲ, ಅದೇ ಪ್ರಾಯದ ನಿಧಾನದ ಮೀನು. ಬಲೆಯವರು ಮತ್ತು ಗಾಳದವರು ಒಟ್ಟಿಗೆ ದೊಡ್ಡವನ್ನೇ ತೆಗೆಯುತ್ತಾ ಹೋದ ಹೊಳೆಯಲ್ಲಿಯೂ ಉಳಿಯುವುದು ಇಂಥವೇ. "ಈಗ ಬರೇ ಮರಿ ಸಿಗುತ್ತದೆ" ಅಂತ ಹೇಳುವಾಗ ಅದರಲ್ಲಿ ಬಲಿತು ನಿಧಾನಕ್ಕೆ ಬೆಳೆದವೂ ಇರುತ್ತವೆ. ಗುಜ್ಜಾದ ತಿಲಾಪಿಯಾ ಇದಕ್ಕೆ ಸುಲಭದ ಉದಾಹರಣೆ: ಕೆರೆಯಲ್ಲಿ ಸಂಖ್ಯೆ ಹೆಚ್ಚಾದರೆ ಅಂಗೈಯಷ್ಟೂ ಇಲ್ಲದ ಮೀನು ಬಾಯಲ್ಲಿ ಮೊಟ್ಟೆ ಇಟ್ಟುಕೊಂಡು ತಿರುಗುತ್ತದೆ.

---

ಕಿವಿಕಲ್ಲು:

ಪ್ರಾಯ ಓದುವ ಕೆಲಸ ಗೊತ್ತಿರುವುದರಿಂದ ಆ ಭಾಗಕ್ಕೆ ನಾನು ಉತ್ತರ ಕೊಡುತ್ತೇನೆ.

ಖಚಿತ ಪ್ರಾಯ ಇರುವುದು ಓಟೊಲಿತ್‌ನಲ್ಲಿ, ಅಂದರೆ ಕಿವಿಯ ಒಳಗಿನ ಕಲ್ಲಿನಲ್ಲಿ. ಮೂಳೆಮೀನಿಗೆ ಮೂರು ಜೊತೆ ಕಲ್ಲು ಇರುತ್ತದೆ. ಕಾಳಾಂಜಿ, ಚೆಂಬಲ್ಲಿಯಲ್ಲಿ ದೊಡ್ಡದು ಸ್ಯಾಜಿಟ್ಟಾ ಅನ್ನುವ ಜೊತೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಕಲ್ಲು ಇದು, ಮೀನು ಬದುಕಿರುವಷ್ಟು ದಿನವೂ ಪದರ ಕೂಡುತ್ತದೆ, ಒಮ್ಮೆ ಕೂಡಿದ್ದನ್ನು ಮೈ ವಾಪಸ್ ಕರಗಿಸಿಕೊಳ್ಳುವುದಿಲ್ಲ. ಹುರುಪೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ತೆಂಗಿನ ಮರದ ಕಾಂಡದಲ್ಲಿ ಗರಿ ಬಿದ್ದ ಗುರುತು ಕೆಳಗೆ ದೂರ ದೂರ, ಮೇಲೆ ಹೋದಂತೆ ಹತ್ತಿರ ಹತ್ತಿರ ಇರುತ್ತದಲ್ಲ, ಕಲ್ಲಿನಲ್ಲಿಯೂ ಮೊದಲ ಎರಡು ಮೂರು ಉಂಗುರ ಅಗಲ, ಅಂಚಿಗೆ ಬಂದಂತೆ ಇಕ್ಕಟ್ಟು.

ತೆಗೆಯುವ ರೀತಿ. ಮನೆಗೆ ತಂದ ಮೀನಿನ ತಲೆ ಸಾಕು, ಮಾಂಸ ಹಾಳಾಗುವುದಿಲ್ಲ. ಕಣ್ಣಿನ ಮೇಲಂಚಿನ ಮಟ್ಟದಲ್ಲಿ ಹಣೆಯಿಂದ ಹಿಂದಕ್ಕೆ, ಮುಚ್ಚಳ ತೆಗೆದ ಹಾಗೆ, ಗರಗಸದ ಹಲ್ಲಿನ ಚೂರಿಯಿಂದ ಅಡ್ಡಲಾಗಿ ಕೊಯ್ಯಿರಿ. ಮಿದುಳು ಕಾಣುತ್ತದೆ. ಅದನ್ನು ಮೆಲ್ಲಗೆ ಬದಿಗೆ ಸರಿಸಿದರೆ ಹಿಂಭಾಗದ ಅಡಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಗುಳಿ, ಅದರಲ್ಲಿ ತೆಳು ಚೀಲದೊಳಗೆ ಬಿಳಿ ಕಲ್ಲು. ಚೂಪು ಚಿಮುಟದಿಂದ ಎತ್ತಿ, ಚೀಲದ ಪೊರೆಯನ್ನು ನೀರಿನಲ್ಲಿ ಬೆರಳಿನಿಂದ ಉಜ್ಜಿ ತೆಗೆದು, ಒಣಗಿಸಿ. ಹೆಚ್ಚಿನವರು ಕೆಡಿಸುವುದು ಇಲ್ಲಿ: ತೀರಾ ಆಳಕ್ಕೆ ಕೊಯ್ದು ಕಲ್ಲನ್ನೇ ತುಂಡು ಮಾಡುವುದು, ಇಲ್ಲವೇ ತಲೆಯನ್ನು ಫಾರ್ಮಲಿನ್‌ನಲ್ಲಿ ಇಡುವುದು. ಫಾರ್ಮಲಿನ್ ದಿನ ಕಳೆದಂತೆ ಹುಳಿಯಾಗಿ ಕಲ್ಲನ್ನು ತಿನ್ನುತ್ತದೆ, ಅಂಚಿನ ಉಂಗುರ ಮೊದಲು ಹೋಗುತ್ತದೆ. ಫ್ರಿಜ್‌ನಲ್ಲಿ ಗಟ್ಟಿ ಮಾಡಿ ಇಟ್ಟರೆ ಏನೂ ಆಗುವುದಿಲ್ಲ.

ಸಣ್ಣ, ತೆಳು ಕಲ್ಲನ್ನು ಕಪ್ಪು ಬಟ್ಟಲಿನಲ್ಲಿ ನೀರು ಹಾಕಿ ಮೇಲಿನಿಂದ ಬೆಳಕು ಕೊಟ್ಟು ಹಾಗೆಯೇ ನೋಡಬಹುದು. ನಾಲ್ಕೈದು ವರ್ಷ ದಾಟಿದ ಮೀನಿಗೆ ಇದು ಸಾಲದು, ಯಾಕೆಂದರೆ ಆಮೇಲೆ ಕಲ್ಲು ಅಗಲಕ್ಕಿಂತ ದಪ್ಪಕ್ಕೆ ಬೆಳೆಯುತ್ತದೆ, ಹೊರಗಿನಿಂದ ಉಂಗುರ ಒಂದರ ಮೇಲೊಂದು ಬಿದ್ದು ಕಾಣುತ್ತದೆ. ಆಗ ನಡುವಿನ ಬೀಜದ ಮೂಲಕ ಹೋಗುವಂತೆ ಅಡ್ಡಕ್ಕೆ ಮುರಿಯಬೇಕು, ಮುರಿದ ಮುಖವನ್ನು ಸ್ಪಿರಿಟ್ ದೀಪದಲ್ಲಿ ಕಂದು ಬಣ್ಣ ಬರುವವರೆಗೆ ಸುಡಬೇಕು, ಕಪ್ಪಾದರೆ ಕೆಟ್ಟಿತು. ಮುಖ ಮೇಲೆ ಮಾಡಿ ಪ್ಲಾಸ್ಟಿಸೀನ್‌ಗೆ ಚುಚ್ಚಿ, ಒಂದು ಹನಿ ಎಣ್ಣೆ ಬಿಟ್ಟು, 20-40 ಪಟ್ಟು ದೊಡ್ಡದು ಮಾಡುವ ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಪ್ರಯೋಗಾಲಯದಲ್ಲಿ ಎಪಾಕ್ಸಿ ಅಂಟಿನಲ್ಲಿ ಹುದುಗಿಸಿ, ವಜ್ರದ ಬ್ಲೇಡಿನ ನಿಧಾನದ ಗರಗಸದಿಂದ 0.3-0.5 ಮಿ.ಮೀ. ದಪ್ಪದ ಹಾಳೆ ಕತ್ತರಿಸಿ, 600 ಮತ್ತು 1200 ನಂಬರಿನ ಉಪ್ಪುಕಾಗದದಲ್ಲಿ ತಿಕ್ಕುತ್ತೇವೆ.

ಎಣಿಸುವಾಗ ಮೀನಿನ ಉದ್ದ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ಬೇಕಾದಷ್ಟು ಉಂಗುರ ಹುಡುಕಿಕೊಳ್ಳುತ್ತದೆ. ಒಬ್ಬರೇ ಎರಡು ಸಲ, ವಾರ ಬಿಟ್ಟು, ಇಲ್ಲವೇ ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ಹೊಂದದ್ದನ್ನು ಮೂರನೇ ಸಲ ನೋಡಬೇಕು.

ಇನ್ನು ಹುರುಪೆ. ಬಿಟ್ಟುಬಿಡುವ ಮೀನಿಗೆ ಇದೊಂದೇ ಸುಲಭದ ದಾರಿ. ಎದೆರೆಕ್ಕೆಯನ್ನು ಮೈಗೆ ಒತ್ತಿ ಹಿಡಿದರೆ ಅದರ ತುದಿ ಮುಟ್ಟುವ ಜಾಗದಿಂದ, ಬದಿಗೆರೆ ಬಿಟ್ಟು, 5-6 ಹುರುಪೆ ಸಾಕು. ಮೊದಲು ಒದ್ದೆ ಬೆರಳಿನಿಂದ ಲೋಳೆ ಸರಿಸಿ, ಚಿಮುಟದಿಂದ ಹಿಂಬದಿಗೆ ಎಳೆಯಿರಿ. ಸಾಬೂನು ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಎರಡು ಗಾಜಿನ ಸ್ಲೈಡ್ ನಡುವೆ ಒತ್ತಿ ಒಣಗಿಸಿ. ನಡುಭಾಗ ಗೆರೆಯಿಲ್ಲದೆ ಖಾಲಿ ಕಂಡರೆ ಬಿಸಾಡಿ. ಅದು ಉದುರಿದ ಜಾಗದಲ್ಲಿ ಮತ್ತೆ ಬಂದ ಹುರುಪೆ, ಎಳೆಯ ಪ್ರಾಯದ ದಾಖಲೆ ಅದರಲ್ಲಿ ಇಲ್ಲ. ಐದಾರು ತೆಗೆಯುವುದು ಇದಕ್ಕೇ.

ಹುರುಪೆಯಿಂದ ಹಿಂದಿನ ವರ್ಷಗಳ ಉದ್ದವನ್ನೂ ಲೆಕ್ಕ ಹಾಕಬಹುದು. 60 ಸೆಂ.ಮೀ. ಮೀನಿನ ಹುರುಪೆಯಲ್ಲಿ ನಡುವಿನಿಂದ ಅಂಚಿಗೆ 8 ಮಿ.ಮೀ., ಮೊದಲ ಉಂಗುರ 2.4 ಮಿ.ಮೀ.ಯಲ್ಲಿ ಇದ್ದರೆ, ಆ ಉಂಗುರ ಬಿದ್ದಾಗ ಮೀನು ಸುಮಾರು 18 ಸೆಂ.ಮೀ. ಇತ್ತು. ಹುರುಪೆ ಹುಟ್ಟುವ ಮೊದಲೇ ಮೀನು ಒಂದಷ್ಟು ಬೆಳೆದಿರುವುದರಿಂದ ನಿಜವಾದ ಉದ್ದ ಇದಕ್ಕಿಂತ ತುಸು ಹೆಚ್ಚು.

ಆದರೆ ಹಳೆಯ ಮೀನಿಗೆ ಹುರುಪೆ ನಂಬಬಾರದು. ಮೀನು ಬೆಳೆಯುವುದು ನಿಂತ ಹಾಗಾದರೆ ಹುರುಪೆಯೂ ನಿಲ್ಲುತ್ತದೆ, ಉಪವಾಸ ಬಿದ್ದರೆ ಅಂಚು ಕರಗುತ್ತದೆ. ಆರೆಂಜ್ ರಫಿ ಎಂಬ ಆಳಕಡಲಿನ ಮೀನನ್ನು ಹುರುಪೆ ನೋಡಿ ಬೇಗ ಬೆಳೆಯುವ ಮೀನು ಅಂತ ತಿಳಿದು ಸಿಕ್ಕಾಪಟ್ಟೆ ಹಿಡಿದರು; ಕಲ್ಲು ಓದಿದಾಗ ನೂರು ವರ್ಷ ಮೀರುವ ಜಾತಿ ಅಂತ ಗೊತ್ತಾಯಿತು, ಅಷ್ಟರಲ್ಲಿ ಹಿಂಡುಗಳು ಖಾಲಿಯಾಗಿದ್ದವು. ಅಮೆರಿಕದ ಬಿಗ್‌ಮೌತ್ ಬಫಲೊ ಅನ್ನುವ ಹೊಳೆಮೀನು 26 ವರ್ಷ ಬದುಕುತ್ತದೆ ಅಂತ ಪುಸ್ತಕಗಳಲ್ಲಿತ್ತು, 2019ರಲ್ಲಿ ಕಲ್ಲಿನಲ್ಲಿ 112 ವರ್ಷ ಸಿಕ್ಕಿತು.

---

ಶಿರಿಯ ಅಳಿವೆ:

ಇಷ್ಟು ವಿವರಕ್ಕೆ ತುಂಬಾ ಉಪಕಾರ. ಎರಡು ಸಂಶಯ. ಚಳಿ ದೇಶದಲ್ಲಿ ಚಳಿಗಾಲಕ್ಕೆ ಬೆಳವಣಿಗೆ ನಿಂತು ಉಂಗುರ ಬೀಳುತ್ತದೆ ಅಂತ ಓದಿದ್ದೇನೆ. ನಮ್ಮಲ್ಲಿ ವರ್ಷವಿಡೀ ನೀರು ಬೆಚ್ಚಗೆ ಇರುವಾಗ ಉಂಗುರ ಯಾಕೆ ಬೀಳುತ್ತದೆ? ಮತ್ತೆ ಪಯಸ್ವಿನಿ ಹೊಳೆಯ ಪೆರುವೊಳಿಗೆ, ಅಂದರೆ ಮಹಶೀರ್‌ಗೆ, ಈ ಲೆಕ್ಕ ಹೇಗೆ?

---

ಕಿವಿಕಲ್ಲು:

ಒಳ್ಳೆಯ ಪ್ರಶ್ನೆ, ನಮ್ಮ ಕಡೆ ಪ್ರಾಯ ಓದುವುದರಲ್ಲಿ ಇರುವ ದೊಡ್ಡ ತೊಂದರೆಯೇ ಇದು. ಇಲ್ಲಿ ಉಂಗುರ ಬೀಳಿಸುವುದು ಚಳಿಯಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆಗೆ ನೀರಿನ ಉಪ್ಪು, ಬಿಸಿ, ತಿಂಡಿ ಮೂರೂ ಬದಲಾಗುತ್ತವೆ, ಆಗ ಒಂದು ತಡೆ. ಬಲಿತ ಮೀನಿಗೆ ಮೊಟ್ಟೆ ಇಡುವ ಹೊತ್ತಿಗೆ ಇನ್ನೊಂದು. ಎರಡೂ ಬೇರೆ ತಿಂಗಳಲ್ಲಿ ಬಿದ್ದರೆ ವರ್ಷಕ್ಕೆ ಎರಡು ಗೆರೆ, 4 ವರ್ಷದ ಮೀನನ್ನು 8 ಅಂತ ಓದುವ ಅಪಾಯ. ಹಾಗಾಗಿ ಬೇರೆ ದೇಶದ ಕೋಷ್ಟಕ ತಂದು ಶಿರಿಯ ಹೊಳೆಗೆ ಹಚ್ಚಬಾರದು. ವರ್ಷಕ್ಕೆ ಎಷ್ಟು ಉಂಗುರ ಅಂತ ಇಲ್ಲಿಯೇ ಖಾತ್ರಿ ಮಾಡಿಕೊಳ್ಳಬೇಕು.

ಅದಕ್ಕೆ ದಾರಿ ಎರಡು. ತಿಂಗಳು ತಿಂಗಳು ಕೆಲವು ಕಲ್ಲು ಸಂಗ್ರಹಿಸಿ, ಕೊನೆಯ ಉಂಗುರದಿಂದ ಅಂಚಿಗೆ ಇರುವ ಅಂತರ ಅಳೆಯುವುದು. ಆ ಅಂತರ ವರ್ಷದಲ್ಲಿ ಒಂದೇ ಸಲ ಥಟ್ಟನೆ ಕುಗ್ಗಿದರೆ ವರ್ಷಕ್ಕೆ ಒಂದೇ ಉಂಗುರ. ಇಲ್ಲವೇ ಪಂಜರದ ಮೀನಿಗೆ ಆಕ್ಸಿಟೆಟ್ರಾಸೈಕ್ಲಿನ್ ಚುಚ್ಚುಮದ್ದು ಕೊಟ್ಟು ಬಿಡುವುದು. ಔಷಧ ಕಲ್ಲಿನಲ್ಲಿ ಸೇರಿ ನೇರಳಾತೀತ ಬೆಳಕಿನಲ್ಲಿ ಹಳದಿ ಗೆರೆಯಾಗಿ ಹೊಳೆಯುತ್ತದೆ. ವರ್ಷದ ನಂತರ ಆ ಗೆರೆಯ ಹೊರಗೆ ಎಷ್ಟು ಉಂಗುರ ಬಿದ್ದಿದೆ ಅಂತ ಎಣಿಸಿದರಾಯಿತು. ಔಷಧ ಕೊಟ್ಟ ಮೀನನ್ನು ತಿನ್ನಲು ಮಾರಬಾರದು. ಒಂದು ವರ್ಷದ ಒಳಗಿನ ಮರಿಗಾದರೆ ದಿನಕ್ಕೊಂದು ಬೀಳುವ ಸೂಕ್ಷ್ಮ ಉಂಗುರ ಎಣಿಸಬಹುದು, ಪನ್ನೆಲ್ಲಾ 1971ರಲ್ಲಿ ತೋರಿಸಿದ್ದು. ಅದಕ್ಕೆ 400 ಪಟ್ಟಿಗಿಂತ ಹೆಚ್ಚಿನ ಸೂಕ್ಷ್ಮದರ್ಶಕ ಬೇಕು.

---

ಅಡೂರು ಪಯಸ್ವಿನಿ:

ಪೆರುವೊಳಿನ ಬಗ್ಗೆ. ಅದರ ಬೆಳವಣಿಗೆ ಹೊಳೆಯ ಕುಳಿಯನ್ನು ಹೊಂದಿಕೊಂಡಿದೆ. ಬೇಸಗೆಯಲ್ಲಿ ಪಯಸ್ವಿನಿ ಸಣ್ಣ ಸಣ್ಣ ಗುಂಡಿಗಳಾಗಿ ತುಂಡಾದಾಗ ಸಣ್ಣ ಗುಂಡಿಯಲ್ಲಿ ಸಿಕ್ಕ ಮೀನು ಬೆಳೆಯುವುದೇ ಇಲ್ಲ. ಆಳದ ಕಯದಲ್ಲಿರುವುದು ಉದುರಿದ ಹಣ್ಣು, ಏಡಿ, ಸಣ್ಣ ಮೀನು ತಿಂದು ಬೆಳೆಯುತ್ತದೆ. ಹಾಗಾಗಿ ಒಂದೇ ಹೊಳೆಯ 40 ಸೆಂ.ಮೀ.ನ ಎರಡು ಪೆರುವೊಳಿನ ಪ್ರಾಯ ಬೇರೆ ಬೇರೆ ಇರಬಹುದು. ಸುಳ್ಯದ ಹತ್ತಿರ ತೊಡಿಕಾನ ದೇವಸ್ಥಾನದ ಹೊಳೆಯಲ್ಲಿ ದೇವರ ಮೀನುಗಳಿಗೆ ಜನ ಅಕ್ಕಿ ಹಾಕುತ್ತಾರೆ, ಯಾರೂ ಹಿಡಿಯುವುದಿಲ್ಲ. ಅಲ್ಲಿನ ಗಾತ್ರ ನೋಡಿ ಕೆಳಗಿನ ಹೊಳೆಯ ಮೀನಿಗೆ ಪ್ರಾಯ ಕಟ್ಟಬೇಡಿ. ತಿಂಡಿ ಬೇರೆ, ಸಾವಿನ ಲೆಕ್ಕವೂ ಬೇರೆ.

ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ಫಾನ್ ಇಂಗನ್ ಹಿಡಿದ 120 ಪೌಂಡಿನ, ಅಂದರೆ 54 ಕಿಲೋದ ಮಹಶೀರ್ ಈಗಲೂ ದಾಖಲೆ. ಅದು ಕಾವೇರಿ ಕಡೆಯ ಡುಬ್ಬದ ಮಹಶೀರ್, ಟಾರ್ ರೆಮಾದೇವಿ. 2018ರಲ್ಲಿ ಅದು ಅಳಿವಿನ ತೀರಾ ಅಂಚಿನಲ್ಲಿದೆ ಅಂತ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ತನ್ನ ಪಟ್ಟಿಗೆ ಸೇರಿಸಿತು. ಪಡುವಣಕ್ಕೆ ಹರಿಯುವ ನಮ್ಮ ಹೊಳೆಯದ್ದು ಆ ಜಾತಿ ಅಲ್ಲ, ಆ ಗಾತ್ರವನ್ನು ಇಲ್ಲಿ ನಿರೀಕ್ಷಿಸಬಾರದು.

ನನ್ನ ಅಭಿಪ್ರಾಯ ಕೇಳಿದರೆ ಪೆರುವೊಳಿನ ಕಲ್ಲಿಗಾಗಿ ಮೀನು ಕೊಲ್ಲುವ ಕೆಲಸವೇ ಬೇಡ. ಹುರುಪೆ ಸಾಕು, ಅದೂ ನೀರಿನಲ್ಲಿ ಇಟ್ಟುಕೊಂಡೇ ತೆಗೆಯಿರಿ. ಮಾರ್ಚಿಯಿಂದ ಮೇವರೆಗೆ ಗುಂಡಿಯ ನೀರಿನಲ್ಲಿ ಆಮ್ಲಜನಕ ಕಡಿಮೆ, ಆ ಮೂರು ತಿಂಗಳು ಗಾಳವನ್ನೇ ಹಾಕಬೇಡಿ.

---

ಬೇಕಲ ಹೊರಗಡಲು:

ಹೊಳೆಯ ಮೀನಿನ ಲೆಕ್ಕವನ್ನು ಕಡಲಿಗೆ ತರಬೇಡಿ ಅಂತ ಹೇಳುವುದಕ್ಕೆ ಬರೆಯುತ್ತಿದ್ದೇನೆ. ಮಾಹಿಮಾಹಿ ಒಂದು ವರ್ಷದಲ್ಲೇ ಮೀಟರ್ ಮುಟ್ಟುತ್ತದೆ, ಬದುಕುವುದು ನಾಲ್ಕೈದು ವರ್ಷ. ಓಲೆಮೀನು (ಸೈಲ್‌ಫಿಶ್) ಮೊದಲ ವರ್ಷದಲ್ಲಿ 1.2 ಮೀಟರ್ ದಾಟುತ್ತದೆ. ಮೋತ, ಅಂದರೆ ಕೋಬಿಯಾ, ಪಂಜರದಲ್ಲಿ ವರ್ಷಕ್ಕೆ 4 ಕಿಲೋ ಮೀರುತ್ತದೆ. ಅಯಕೂರ (ಅಂಜಲ್) ಕೂಡ ಎರಡು ವರ್ಷಕ್ಕೆ 70 ಸೆಂ.ಮೀ. ದಾಟುವ ಮೀನು, ಹೆಣ್ಣೇ ದೊಡ್ಡದು. 10 ಕಿಲೋ ಅಯಕೂರ ಕಂಡು "ಮುದಿ ಮೀನು" ಅನ್ನುವವರು ಇದ್ದಾರೆ, ಅಲ್ಲ.

ಬಂಡೆಮೀನಿನದ್ದು ಇದಕ್ಕೆ ತದ್ವಿರುದ್ಧ. ಪಶ್ಚಿಮ ಆಸ್ಟ್ರೇಲಿಯದ ರೌಲಿ ಶೋಲ್ಸ್ ಹವಳದಿಬ್ಬದಲ್ಲಿ ಹಿಡಿದ ಮಿಡ್‌ನೈಟ್ ಸ್ನ್ಯಾಪರ್ ಒಂದರ ಕಲ್ಲಿನಲ್ಲಿ 81 ವರ್ಷ ಎಣಿಸಿದರು, 2020ರಲ್ಲಿ ಪ್ರಕಟವಾದದ್ದು. ಚೆಂಬಲ್ಲಿಯ ಕುಟುಂಬವೇ ಅದು. ಬಂಡೆ ಬಿಡದೆ ಕೂತು ನಿಧಾನ ಬೆಳೆಯುವ ಇಂಥ ಮೀನನ್ನು ಒಂದು ಬಂಡೆಯಿಂದ ಖಾಲಿ ಮಾಡಿದರೆ ಮತ್ತೆ ಅದೇ ಗಾತ್ರದ್ದು ಬರಲು ಒಬ್ಬ ಮನುಷ್ಯನ ಅರ್ಧ ಆಯುಷ್ಯ ಬೇಕು. ಅಯಕೂರದ ಮೇಲೆ ತೋರಿಸುವ ಉತ್ಸಾಹವನ್ನು ಕೆಂಬೇರಿಯ ಮೇಲೆ ತೋರಿಸಬೇಡಿ.

---

ಉಪ್ಪಳ ಮಾಷ್ಟ್ರು:

ಬಿಡುವ ಗಾತ್ರದ ಪ್ರಶ್ನೆ ಉಳಿದಿದೆ, ನನಗೆ ಅದೇ ಮುಖ್ಯ. ಕಾಳಾಂಜಿ ಮೊದಲು ಗಂಡು, ಆಮೇಲೆ ಹೆಣ್ಣು. ಹ್ಯಾಚರಿಯವರು ತಾಯಿಮೀನು ಆರಿಸುವಾಗ ಗಂಡಿಗೆ 2-3 ಕಿಲೋದ್ದನ್ನೂ ಹೆಣ್ಣಿಗೆ 4 ಕಿಲೋ ಮೇಲ್ಪಟ್ಟದ್ದನ್ನೂ ನೋಡುವುದು ಇದಕ್ಕೇ. 85-100 ಸೆಂ.ಮೀ. ದಾಟಿದ ಕಾಡುಮೀನು ಹೆಚ್ಚಾಗಿ ಹೆಣ್ಣು. ಬರೇ "ಸಣ್ಣದನ್ನು ಬಿಡು, ದೊಡ್ಡದನ್ನು ತೆಗೆ" ಅಂತ ಮಾತು ಮಾಡಿಕೊಂಡರೆ ತೆಗೆಯುವುದು ಹೊಳೆಯ ಎಲ್ಲ ಹೆಣ್ಣುಗಳನ್ನೇ. ಕ್ವೀನ್ಸ್‌ಲ್ಯಾಂಡಿನಲ್ಲಿ 58 ಸೆಂ.ಮೀ.ಗಿಂತ ಸಣ್ಣದನ್ನೂ ಬಿಡಬೇಕು, 120ಕ್ಕಿಂತ ದೊಡ್ಡದನ್ನೂ ಬಿಡಬೇಕು ಅಂತ ಕಾನೂನು. ಶಿರಿಯಕ್ಕೆ ನಾನು ಸೂಚಿಸುವುದು 60ಕ್ಕಿಂತ ಕಡಿಮೆ ಮತ್ತು 90ಕ್ಕಿಂತ ಹೆಚ್ಚು, ಎರಡೂ ವಾಪಸ್. ಚೆಂಬಲ್ಲಿಯಲ್ಲಿ ಲಿಂಗ ಬದಲಾವಣೆ ಇಲ್ಲ, ಆದರೆ ಹೊಳೆಬಾಯಿಯಲ್ಲಿ ಸಿಗುವುದು ಬಹುತೇಕ ಬಲಿಯದ್ದು, ಹಾಗಾಗಿ ಮನೆಗೆ ಒಯ್ಯುವ ಸಂಖ್ಯೆಗೆ ಮಿತಿ ಇಡುವುದೇ ಸರಿ. ದಿನಕ್ಕೆ ಒಬ್ಬರಿಗೆ ಒಂದು ಸಾಕು.

ದೊಡ್ಡ ತಾಯಿಯ ಬೆಲೆ ತೂಕದ ಲೆಕ್ಕಕ್ಕೆ ಸಿಗುವುದಿಲ್ಲ. ಅಟ್ಲಾಂಟಿಕ್ ಕಾಡ್ ಮೀನಿನಲ್ಲಿ 30 ಕಿಲೋದ ಒಂದು ಹೆಣ್ಣು ಇಡುವಷ್ಟು ಮೊಟ್ಟೆಗೆ 2 ಕಿಲೋದ 28 ಹೆಣ್ಣು ಬೇಕು, ಅಂದರೆ 56 ಕಿಲೋ ಮೀನು.

ಬಿಡುವ ಮೀನಿನ ತೂಕಕ್ಕೆ ತಕ್ಕಡಿಗೆ ನೇತುಹಾಕಬೇಡಿ, ದೊಡ್ಡದರ ದವಡೆ ಬೆನ್ನುಮೂಳೆ ಜಾರುತ್ತದೆ. ಉದ್ದ ಮತ್ತು ಬೆನ್ನುರೆಕ್ಕೆಯ ಮುಂದಿನ ಸುತ್ತಳತೆ ಸೆಂ.ಮೀ.ಯಲ್ಲಿ ತೆಗೆದು, ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 29,000ದಿಂದ ಭಾಗಿಸಿ, ಕಿಲೋ ಬರುತ್ತದೆ. 80 ಉದ್ದ, 48 ಸುತ್ತಳತೆಗೆ 6.36, ನಿಮ್ಮ ತಕ್ಕಡಿಯ ಹತ್ತಿರವೇ. ಕಾಳಾಂಜಿಯ ಬಾಲ ದುಂಡಗೆ, ಅದಕ್ಕೆ ತುದಿಯವರೆಗೆ ಅಳೆಯಿರಿ. ಅಯಕೂರದಂಥ ಕವಲು ಬಾಲಕ್ಕೆ ಕವಲಿನ ಸಂದಿಯವರೆಗೆ. ಯಾವ ರೀತಿ ಅಳೆದದ್ದು ಅಂತ ಬರೆಯದಿದ್ದರೆ ಆ ಅಂಕಿ ಯಾರ ಕೆಲಸಕ್ಕೂ ಬರುವುದಿಲ್ಲ. ಟೇಪನ್ನು ಹೊಟ್ಟೆಯ ಮೇಲೆ ಸುತ್ತಿ ಉದ್ದ ಹಿಡಿಯಬೇಡಿ, ಹಲಗೆಯ ಮೇಲೆ ಬಾಯಿ ಮುಚ್ಚಿಸಿ ಮೂತಿ ಒಂದು ತುದಿಗೆ ತಾಗಿಸಿ ನೇರಕ್ಕೆ ಓದಿ.

---

ಕಿವಿಕಲ್ಲು:

ಮಾಷ್ಟ್ರು ಹೇಳಿದ ಅಳತೆಯ ಜೊತೆ ಇಷ್ಟು ಸೇರಿಸಿಕೊಳ್ಳಿ. ಮನೆಗೆ ಒಯ್ದ ಪ್ರತಿ ಮೀನಿನ ಎರಡೂ ಕಲ್ಲನ್ನು ಸಣ್ಣ ಕಾಗದದ ಲಕೋಟೆಯಲ್ಲಿ ಹಾಕಿ, ಪ್ಲಾಸ್ಟಿಕ್‌ನಲ್ಲಿ ಬೆವರುತ್ತದೆ. ಹೊರಗೆ ಪೆನ್ಸಿಲಿನಿಂದ ಜಾತಿ, ತಾರೀಕು, ಹಿಡಿದ ಜಾಗ, ಉದ್ದ, ತೂಕ, ಹೊಟ್ಟೆ ಕೊಯ್ದಾಗ ಕಂಡ ಮೊಟ್ಟೆ ಅಥವಾ ಹಾಲು. ಪೆನ್ನಿನ ಶಾಯಿ ಮಳೆಗಾಲಕ್ಕೆ ಹರಡುತ್ತದೆ. ನಿಮ್ಮ ಆ 80 ಸೆಂ.ಮೀ. ಕಾಳಾಂಜಿಯ ತಲೆ ಫ್ರಿಜ್‌ನಲ್ಲಿ ಇನ್ನೂ ಇದ್ದರೆ ಅದರಿಂದಲೇ ಶುರು ಮಾಡಬಹುದು. ತಿಂಗಳಿಗೆ ಹತ್ತು ಲಕೋಟೆಯ ಹಾಗೆ ಒಂದು ವರ್ಷ ಕೂಡಿಸಿದರೆ ಅಂಚಿನ ಅಂತರದ ಲೆಕ್ಕ ಹಾಕಲು ಸಾಕಾಗುತ್ತದೆ. ಮುರಿದು ಸುಡುವುದನ್ನು ಎಡಗಲ್ಲಿನಲ್ಲಿ ಮಾಡಿ, ಬಲಗಲ್ಲನ್ನು ಹಾಗೆಯೇ ಇಟ್ಟುಕೊಳ್ಳಿ.